ಎಕ್ಸೈಟೇಶನ್ ಪ್ಯಾನೆಲ್‌ನ ಸಿಗ್ನಲ್ ಕಂಡೀಷನಿಂಗ್ ಕಾರ್ಡುಗಳ ನಿರ್ವಹಣೆ: ಹಂಗಾಮು ಮುಗಿದ ಮೇಲೆ ಹಂತ ಹಂತವಾಗಿ ಮಾಡಬೇಕಾದ ಕೆಲಸ

ದಾವಣಗೆರೆ ಜಿಲ್ಲೆಯಲ್ಲಿ ಭದ್ರಾ ನಾಲೆಯ ನೀರುಂಡ ಕಬ್ಬೆಲ್ಲ ನುರಿದು ಮುಗಿದು, ಬಾಯ್ಲರ್ ತಣ್ಣಗಾಗಿ, ಟರ್ಬೈನ್ ನಿಂತ ಮೇಲೆ ಸಕ್ಕರೆ ಕಾರ್ಖಾನೆಯ ಸಹವಿದ್ಯುತ್ ಘಟಕದಲ್ಲಿ ಕೆಲಸ ಮಾಡುವ ನಮಗೆ ಕೆಲವು ತಿಂಗಳ ಬಿಡುವು ಸಿಗುತ್ತದೆ. ಆ ದಿನಗಳಲ್ಲಿ ಟರ್ಬೈನ್ ಬೇರಿಂಗು, ಬಾಯ್ಲರ್ ಟ್ಯೂಬು, ಬ್ರೇಕರ್‌ಗಳ ಕಡೆಗೆ ಎಲ್ಲರ ಗಮನ ಹೋಗುತ್ತದೆ. ಜನರೇಟರ್‌ನ ಕಾಂತಕ್ಷೇತ್ರಕ್ಕೆ ಬೇಕಾದ ಕರೆಂಟನ್ನು ನಿಯಂತ್ರಿಸಿ ವೋಲ್ಟೇಜ್ ಹಿಡಿದಿಡುವ ಎಕ್ಸೈಟೇಶನ್ ಪ್ಯಾನೆಲ್‌ನ ಬಾಗಿಲನ್ನು ಮಾತ್ರ ಒಮ್ಮೆ ತೆರೆದು, ಧೂಳು ಊದಿ, ಮತ್ತೆ ಮುಚ್ಚಿಬಿಡುವುದನ್ನು ನಾನು ಬಹಳ ಕಡೆ ಕಂಡಿದ್ದೇನೆ. ಆ ಪ್ಯಾನೆಲ್‌ನೊಳಗೆ ಅಳತೆಯ ಸಂಕೇತಗಳನ್ನು ಸಿದ್ಧಪಡಿಸುವ ಕಾರ್ಡುಗಳಿಗೆ, ಅಂದರೆ ಸಿಗ್ನಲ್ ಕಂಡೀಷನಿಂಗ್ ಭಾಗಕ್ಕೆ, ವರ್ಷಕ್ಕೊಮ್ಮೆ ಮಾಡಲೇಬೇಕಾದ ಕೆಲಸವನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಯುಬಿಡಿಟಿ, ಬಿಐಇಟಿ ಕಾಲೇಜುಗಳಲ್ಲಿ ಓದಿ ಅಥವಾ ಐಟಿಐ ಮುಗಿಸಿ ಈ ಕೆಲಸಕ್ಕೆ ಬರುವ ಹುಡುಗರು ಮತ್ತು ಹುಡುಗಿಯರು ನನ್ನ ಕಣ್ಣ ಮುಂದಿದ್ದಾರೆ.

ಈ ಕಾರ್ಡುಗಳು ಮಾಡುವುದೇನು

11 ಕೆವಿ ಜನರೇಟರ್‌ನ ವೋಲ್ಟೇಜನ್ನು ಎವಿಆರ್ (ಆಟೊಮ್ಯಾಟಿಕ್ ವೋಲ್ಟೇಜ್ ರೆಗ್ಯುಲೇಟರ್) ನೇರವಾಗಿ ನೋಡುವುದಿಲ್ಲ. ಪಿಟಿ (ಪೊಟೆನ್ಷಿಯಲ್ ಟ್ರಾನ್ಸ್‌ಫಾರ್ಮರ್) ಅದನ್ನು 110 ವೋಲ್ಟ್‌ಗೆ ಇಳಿಸುತ್ತದೆ. ಕಾರ್ಡಿನ ಮೇಲಿರುವ ಸಣ್ಣ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಅದನ್ನು ಮತ್ತಷ್ಟು ಇಳಿಸುತ್ತದೆ. ನಂತರ ಒಂದು ಫಿಲ್ಟರ್ ಅದರಲ್ಲಿನ ಹಾರ್ಮೋನಿಕ್ ಮತ್ತು ಗದ್ದಲವನ್ನು ತೆಗೆದು, ಪ್ರೊಸೆಸರ್ ಓದಬಲ್ಲ ಕೆಲವೇ ವೋಲ್ಟ್‌ಗಳ ಸಂಕೇತವನ್ನು ಮುಂದಕ್ಕೆ ಕೊಡುತ್ತದೆ. ಸಿಟಿಯಿಂದ (ಕರೆಂಟ್ ಟ್ರಾನ್ಸ್‌ಫಾರ್ಮರ್) ಬರುವ 1 ಅಥವಾ 5 ಆಂಪಿಯರ್ ಕರೆಂಟು ಇದೇ ರೀತಿ ಒಂದು ಬರ್ಡನ್ ರೆಸಿಸ್ಟರ್ ಮೂಲಕ ವೋಲ್ಟೇಜ್ ಆಗುತ್ತದೆ. ಫೀಲ್ಡ್ ಕರೆಂಟನ್ನು, ಅಂದರೆ ಕಾಂತಕ್ಷೇತ್ರ ಹುಟ್ಟಿಸುವ ಡಿಸಿಯನ್ನು, ಷಂಟ್ (ಅಳತೆಗೆಂದೇ ಇಡುವ ಅತಿ ಸಣ್ಣ ರೆಸಿಸ್ಟರ್) ಅಥವಾ ಹಾಲ್ ಸೆನ್ಸರ್ ಅಳೆಯುತ್ತದೆ. ಅದನ್ನು ಐಸೊಲೇಟರ್ ಇರುವ ಟ್ರಾನ್ಸ್‌ಡ್ಯೂಸರ್ 4ರಿಂದ 20 ಮಿಲಿಆಂಪಿಯರ್‌ಗೆ ಬದಲಿಸುತ್ತದೆ.

ಈ ಕಾರ್ಡು ಏನು ಹೇಳುತ್ತದೆಯೋ ಅದನ್ನೇ ಎವಿಆರ್ ನಂಬುತ್ತದೆ. ಕಾರ್ಡು ಶೇ. 1ರಷ್ಟು ಕಡಿಮೆ ಓದಿದರೆ, ಬ್ರೇಕರ್ ತೆರೆದಿರುವಾಗ ಎವಿಆರ್ 11,000 ವೋಲ್ಟ್ ಎಂದು ತಿಳಿದು ಸುಮಾರು 11,110 ವೋಲ್ಟನ್ನು ಹಿಡಿದುಕೊಂಡಿರುತ್ತದೆ. ಗ್ರಿಡ್ಡಿಗೆ ಸೇರಿದ ಮೇಲೆ ವೋಲ್ಟೇಜನ್ನು ಗ್ರಿಡ್ಡೇ ಹಿಡಿದಿಡುವುದರಿಂದ ಅದೇ ತಪ್ಪು ವೋಲ್ಟ್‌ಮೀಟರಿನಲ್ಲಿ ಕಾಣಿಸದೆ ಕೆವಿಎಆರ್ (ರಿಯಾಕ್ಟಿವ್ ಪವರ್) ರೂಪದಲ್ಲಿ ಹೊರಗೆ ಹರಿಯುತ್ತದೆ, ರೋಟರ್ ಬಿಸಿಯಾಗುತ್ತದೆ. ಆದ್ದರಿಂದ ಈ ಕಾರ್ಡುಗಳ ದೋಷವನ್ನು ಬಹಳ ಸಲ ಜನರೇಟರ್‌ನ ದೋಷವೆಂದೋ, ಗ್ರಿಡ್ಡಿನ ಏರಿಳಿತವೆಂದೋ ತಿಳಿದು ತಿಂಗಳುಗಟ್ಟಲೆ ಬೇರೆಲ್ಲೋ ಹುಡುಕುತ್ತೇವೆ.

ಬಾಗಿಲು ತೆರೆಯುವ ಮುನ್ನ

ಮೊದಲು ಎವಿಆರ್‌ನ ಎಲ್ಲ ಸೆಟ್ಟಿಂಗುಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ಒಂದು ಪ್ರತಿಯನ್ನು ಕಾಗದದಲ್ಲಿಯೂ ಇಟ್ಟುಕೊಳ್ಳಿ. ಪ್ಯಾನೆಲ್‌ನ ವೈರಿಂಗ್ ಡ್ರಾಯಿಂಗು ಕೈಯಲ್ಲಿರಲಿ, ಮತ್ತು ಅದು ಸ್ಥಳದಲ್ಲಿರುವ ವೈರಿಂಗಿಗೆ ಹೊಂದುತ್ತದೆಯೇ ಎಂದು ಪೆನ್ಸಿಲ್ ಹಿಡಿದು ಗುರುತು ಹಾಕುತ್ತಾ ಹೋಗಿ. ಹಿಂದೆ ಯಾರೋ ತುರ್ತಿನಲ್ಲಿ ಬದಲಿಸಿದ ಒಂದು ವೈರು ಡ್ರಾಯಿಂಗಿನಲ್ಲಿ ಇರುವುದಿಲ್ಲ. ಬೇಕಾಗುವ ಉಪಕರಣಗಳೆಂದರೆ ಟ್ರೂ ಆರ್‌ಎಂಎಸ್ ಮಲ್ಟಿಮೀಟರ್, ಪಿಟಿ, ಸಿಟಿಯ ಬದಲಿಗೆ ಹೊರಗಿನಿಂದ ವೋಲ್ಟೇಜ್, ಕರೆಂಟು ಕೊಡುವ ಮೂರು ಫೇಸಿನ ಸೆಕೆಂಡರಿ ಇಂಜೆಕ್ಷನ್ ಕಿಟ್, ಮಿಲಿವೋಲ್ಟ್ ಮತ್ತು ಮಿಲಿಆಂಪಿಯರ್ ಕೊಡಬಲ್ಲ ಲೂಪ್ ಕ್ಯಾಲಿಬ್ರೇಟರ್, ಡಿಫರೆನ್ಷಿಯಲ್ ಪ್ರೋಬ್ ಇರುವ ಆಸಿಲ್ಲೊಸ್ಕೋಪ್. ಇವುಗಳ ಕ್ಯಾಲಿಬ್ರೇಶನ್ ದಿನಾಂಕ ಮುಗಿದಿರಬಾರದು. ಅಳೆಯುವ ಮೀಟರೇ ತಪ್ಪಿದ್ದರೆ ಸರಿಯಿದ್ದ ಕಾರ್ಡನ್ನು ನಾವೇ ಕೆಡಿಸುತ್ತೇವೆ.

ನಂತರ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ವಿದ್ಯುತ್ ಕಡಿದು ಕೆಲಸ ಮಾಡುವ ಅನುಮತಿ) ತೆಗೆದುಕೊಳ್ಳಿ. ಬ್ರೇಕರ್ ಟ್ರಾಲಿ ಹೊರಗೆ, ಫೀಲ್ಡ್ ಬ್ರೇಕರ್ ತೆರೆದು, ಪ್ಯಾನೆಲ್‌ಗೆ ಬರುವ ಎಸಿ ಮತ್ತು ಬ್ಯಾಟರಿಯ ಡಿಸಿ ಎರಡೂ ಆಫ್ ಆಗಿ, ಬೀಗ ಮತ್ತು ಚೀಟಿ ಬಿದ್ದಿರಬೇಕು. ಎರಡು ಕಡೆಯಿಂದ ಸಪ್ಲೈ ಬರುವ ಪ್ಯಾನೆಲ್ ಇದು ಎಂಬುದನ್ನು ಮರೆತು ಡಿಸಿಯನ್ನು ಹಾಗೇ ಬಿಡುವವರಿದ್ದಾರೆ. ಪವರ್ ಸಪ್ಲೈಯ ಕೆಪಾಸಿಟರ್‌ಗಳು ಖಾಲಿಯಾಗಲು ಕೆಲವು ನಿಮಿಷ ಕಾದು, ಮೀಟರ್ ಇಟ್ಟು ನೋಡಿದ ಮೇಲೆಯೇ ಕೈ ಒಳಗೆ ಹಾಕಿ.

ಸಿಟಿ ಮತ್ತು ಪಿಟಿಯ ವಿಷಯದಲ್ಲಿ ಎರಡು ಎಚ್ಚರಿಕೆಗಳನ್ನು ಬಿಡಿಸಿ ಹೇಳಬೇಕು. ಸಿಟಿಯ ಸೆಕೆಂಡರಿಯನ್ನು ಕರೆಂಟು ಹರಿಯುವಾಗ ತೆರೆದರೆ ತುದಿಗಳಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಹುಟ್ಟುತ್ತದೆ. ಯಂತ್ರ ನಿಂತಿದ್ದರೂ ಮೊದಲು ಸಿಟಿ ಕಡೆಯ ಟರ್ಮಿನಲ್‌ನಲ್ಲಿ ಷಾರ್ಟಿಂಗ್ ಲಿಂಕ್ ಹಾಕಿ, ಆಮೇಲೆ ಕಾರ್ಡಿನ ಕಡೆಯ ಲಿಂಕ್ ತೆರೆಯುವ ಅಭ್ಯಾಸವನ್ನು ಬಿಡಬಾರದು. ಪಿಟಿಯ ಅಪಾಯ ಇದಕ್ಕಿಂತ ಗುಪ್ತವಾದದ್ದು. ಕಾರ್ಡಿಗೆ ನಾವು ಹೊರಗಿನಿಂದ 110 ವೋಲ್ಟ್ ಕೊಡುವಾಗ ಪಿಟಿಯ ಕಡೆಗೆ ಹೋಗುವ ವೈರು ಜೋಡಣೆಯಲ್ಲೇ ಇದ್ದರೆ, ಆ ವೋಲ್ಟೇಜು ಹಿಮ್ಮುಖವಾಗಿ ಹೋಗಿ ಪಿಟಿಯ ಪ್ರೈಮರಿಯಲ್ಲಿ 11,000 ವೋಲ್ಟ್ ಆಗಿ ನಿಲ್ಲುತ್ತದೆ. ಅತ್ತ ಜನರೇಟರ್ ಟರ್ಮಿನಲ್ ಬಾಕ್ಸಿನಲ್ಲಿ ಇನ್ನೊಬ್ಬರು ಸ್ಪ್ಯಾನರ್ ಹಿಡಿದು ಕುಳಿತಿರಬಹುದು. ಆದ್ದರಿಂದ ಪಿಟಿಯ ಟ್ರಾಲಿ ಹೊರಗೆಳೆದು, ಸೆಕೆಂಡರಿ ಫ್ಯೂಸು ಅಥವಾ ಎಂಸಿಬಿ ತೆಗೆದು, ಟೆಸ್ಟ್ ಟರ್ಮಿನಲ್‌ನ ಲಿಂಕನ್ನೂ ಜಾರಿಸಿ, ಪಿಟಿ ಕಡೆ ಸೊನ್ನೆ ಇದೆಯೆಂದು ನೋಡಿಯೇ ಇಂಜೆಕ್ಷನ್ ಶುರು ಮಾಡಬೇಕು. ಈ ಒಂದು ಹೆಜ್ಜೆಯನ್ನು ನಾನು ಇಂದಿಗೂ ಬೇರೆಯವರ ಬಾಯಿಮಾತಿನ ಮೇಲೆ ಬಿಡುವುದಿಲ್ಲ. ನಾನೇ ಹೋಗಿ ಕಣ್ಣಾರೆ ನೋಡಿ ಬರುತ್ತೇನೆ.

ಧೂಳು ತೆಗೆಯುವುದು

ಕಬ್ಬಿನ ಸಿಪ್ಪೆ ಉರಿಸುವ ಘಟಕದಲ್ಲಿ ಹಾರುವ ಬೂದಿ ಬಹಳ ನಯವಾದದ್ದು. ಬಾಗಿಲ ರಬ್ಬರು ಸ್ವಲ್ಪ ಹರಿದಿದ್ದರೂ ಒಳಗೆ ಸೇರುತ್ತದೆ. ಬೇಸಿಗೆಯಲ್ಲಿ ಅದು ಬರೀ ಧೂಳು. ಜೂನ್ ಮಳೆಯ ತೇವ ಹಿಡಿದ ಮೇಲೆ ಅದೇ ಧೂಳು ಕಾರ್ಡಿನ ಟ್ರ್ಯಾಕುಗಳ ನಡುವೆ ಕರೆಂಟು ಸೋರುವ ದಾರಿಯಾಗುತ್ತದೆ. ಕಂಪ್ರೆಸರ್ ಗಾಳಿಯಿಂದ ಊದುವುದು ಬೇಡ, ಅದರಲ್ಲಿ ನೀರು ಮತ್ತು ಎಣ್ಣೆಯ ಹನಿಗಳಿರುತ್ತವೆ, ಧೂಳೂ ಕನೆಕ್ಟರ್‌ಗಳ ಒಳಗೆ ನುಗ್ಗುತ್ತದೆ. ಮೃದುವಾದ ಬ್ರಷ್‌ನಿಂದ ಎಬ್ಬಿಸಿ ವ್ಯಾಕ್ಯೂಮ್‌ನಿಂದ ಎಳೆದುಕೊಳ್ಳಿ. ಕಾರ್ಡು ಹೊರಗೆ ತೆಗೆಯುವಾಗ ಕೈಗೆ ಅರ್ತಿಂಗ್ ಪಟ್ಟಿ ಕಟ್ಟಿಕೊಳ್ಳಬೇಕು. ಫೆಬ್ರವರಿ, ಮಾರ್ಚಿನ ನಮ್ಮ ಒಣಹವೆಯಲ್ಲಿ ಬಟ್ಟೆಯ ಮೇಲೆ ಕೂಡಿದ ಸ್ಥಿರವಿದ್ಯುತ್ತು ಒಂದು ಚಿಪ್ಪನ್ನು ಅರೆಜೀವ ಮಾಡಲು ಸಾಕು. ಎಡ್ಜ್ ಕನೆಕ್ಟರ್‌ನ ಬೆರಳುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ, ಎಳೆ ಬಿಡದ ಬಟ್ಟೆಯಿಂದ ಒರೆಸಿ. ಮರಳು ಕಾಗದ, ಪೆನ್ಸಿಲ್ ಅಳಿಸುವ ರಬ್ಬರು ಅಲ್ಲಿಗೆ ತಾಗಬಾರದು, ಚಿನ್ನದ ಲೇಪನ ಸವೆದುಹೋಗುತ್ತದೆ. ಬಾಗಿಲ ಫಿಲ್ಟರ್ ಬದಲಿಸಿ, ಫ್ಯಾನು ತಿರುಗುತ್ತದೆಯೇ ನೋಡಿ, ಮುಂದಕ್ಕೆ ಹೋಗಿ.

ಟರ್ಮಿನಲ್‌ಗಳು

ಇಲ್ಲಿ ಸಮಯ ಕೊಡಿ. ನನ್ನ ಅನುಭವದಲ್ಲಿ ಕಾರ್ಡುಗಳಿಗಿಂತ ಕಾರ್ಡಿಗೆ ಬರುವ ವೈರಿನ ತುದಿಗಳೇ ಹೆಚ್ಚು ತೊಂದರೆ ಕೊಟ್ಟಿವೆ.

ಒಂದು ಜನವರಿಯ ರಾತ್ರಿ ಪಾಳಿಯಲ್ಲಿ ಕೆವಿಎಆರ್ ಮೀಟರು ಆಗಾಗ ತಾನಾಗಿಯೇ ಮೇಲೇರಿ, ಒಂದೆರಡು ನಿಮಿಷಗಳಲ್ಲಿ ಮತ್ತೆ ಇಳಿಯುತ್ತಿತ್ತು. ಅಲಾರಂ ಯಾವುದೂ ಬರಲಿಲ್ಲ. ಎವಿಆರ್ ಕಾರ್ಡನ್ನು ಬದಲಿಸಿದರೂ ಅದೇ ಕಥೆ. ಕೊನೆಗೆ ಯಂತ್ರ ನಿಲ್ಲಿಸಿದ ದಿನ ಪಿಟಿಯ ಬಿ ಫೇಸ್ ವೈರನ್ನು ಟರ್ಮಿನಲ್‌ನಿಂದ ಬಿಚ್ಚಿ ನೋಡಿದೆವು. ಲಗ್ಗು (ವೈರಿನ ತುದಿಗೆ ಒತ್ತಿ ಕೂರಿಸಿದ ಲೋಹದ ತುಂಡು) ನೋಡಲು ಗಟ್ಟಿಯಾಗಿಯೇ ಕಂಡಿತು, ಎಳೆದರೂ ಬರಲಿಲ್ಲ. ಕತ್ತರಿಸಿ ತೆರೆದಾಗ ಕಂಡದ್ದೇನೆಂದರೆ, ಕ್ರಿಂಪಿಂಗ್ ಟೂಲು ತಾಮ್ರದ ಮೇಲೆ ಬೀಳದೆ ವೈರಿನ ಪಿವಿಸಿ ಸಿಪ್ಪೆಯ ಮೇಲೆ ಬಿದ್ದಿತ್ತು. ಎರಡೋ ಮೂರೋ ಎಳೆಗಳು ಮಾತ್ರ ಲೋಹಕ್ಕೆ ತಾಗಿ ಕಪ್ಪಾಗಿದ್ದವು. ಟರ್ಬೈನಿನ ಕಂಪನಕ್ಕೆ ಕ್ಷಣಕಾಲ ಸಂಪರ್ಕ ತಪ್ಪಿದಾಗಲೆಲ್ಲ ಮೂರು ಫೇಸಿನ ಸರಾಸರಿ ಕುಸಿದು, ವೋಲ್ಟೇಜ್ ಇಳಿಯಿತೆಂದು ನಂಬಿದ ಎವಿಆರ್ ಎಕ್ಸೈಟೇಶನ್ ಏರಿಸುತ್ತಿತ್ತು. ಪಿಟಿಯ ಸಂಕೇತ ತಪ್ಪಿದ್ದನ್ನು ಪತ್ತೆಹಚ್ಚುವ ಪಿಟಿ ಫೇಲ್ ತರ್ಕಕ್ಕೆ ನಿಗದಿಪಡಿಸಿದ ಕಾಲಾವಧಿಗಿಂತ ಸಂಪರ್ಕ ತಪ್ಪಿದ ಹೊತ್ತು ಚಿಕ್ಕದಾಗಿದ್ದರಿಂದ ಅದು ಎಚ್ಚರಿಸಲಿಲ್ಲ.

ಆದ್ದರಿಂದ ಪಿಟಿ, ಸಿಟಿ, ಷಂಟ್, ಟ್ರಾನ್ಸ್‌ಡ್ಯೂಸರ್‌ಗಳ ಪ್ರತಿಯೊಂದು ತುದಿಯನ್ನೂ ಒಂದೊಂದಾಗಿ ನೋಡಿ. ಸ್ಕ್ರೂ ಬಿಗಿಯಾಗಿದೆ ಎಂದರೆ ಸಾಲದು. ಲಗ್ಗಿನ ಬಾಯಲ್ಲಿ ತಾಮ್ರ ಕಾಣಬೇಕು, ಬಣ್ಣ ಕೆಟ್ಟಿರಬಾರದು. ಅನುಮಾನ ಬಂದ ಲಗ್ಗನ್ನು ಕತ್ತರಿಸಿ ಹೊಸದು ಹಾಕಿ. ಸಂಕೇತದ ಕೇಬಲ್‌ನ ಷೀಲ್ಡು ಒಂದೇ ತುದಿಯಲ್ಲಿ, ಸಾಮಾನ್ಯವಾಗಿ ಪ್ಯಾನೆಲ್ ಕಡೆ, ಅರ್ತ್ ಆಗಿರಬೇಕು. ಎರಡೂ ತುದಿಯಲ್ಲಿ ಅರ್ತ್ ಮಾಡಿದರೆ ಎರಡು ಅರ್ತ್‌ಗಳ ನಡುವಿನ ವ್ಯತ್ಯಾಸದ ಕರೆಂಟು ಷೀಲ್ಡಿನಲ್ಲೇ ಹರಿದು 50 ಹರ್ಟ್ಸ್ ಗದ್ದಲ ಸಂಕೇತಕ್ಕೆ ಸೇರುತ್ತದೆ. ಮಿಲಿವೋಲ್ಟ್ ಕೇಬಲ್‌ಗಳು ಥೈರಿಸ್ಟರ್‌ನ ಪವರ್ ಕೇಬಲ್‌ಗಳ ಜೊತೆ ಒಂದೇ ಟ್ರೇಯಲ್ಲಿ ಮಲಗಿದ್ದರೆ ಈ ಬಿಡುವಿನಲ್ಲೇ ಬೇರೆ ಮಾಡಿಸಿ. ಕೇಬಲ್‌ಗಳ ಇನ್ಸುಲೇಶನ್ ನೋಡಲು ಮೆಗ್ಗರ್ ಹಾಕುವುದಾದರೆ ಎರಡೂ ತುದಿಗಳನ್ನು ಕಾರ್ಡು ಮತ್ತು ಟ್ರಾನ್ಸ್‌ಡ್ಯೂಸರ್‌ನಿಂದ ಬಿಡಿಸಿದ ಮೇಲೆ ಮಾತ್ರ. 500 ವೋಲ್ಟ್ ಮೆಗ್ಗರ್ ಒಂದು ಸುತ್ತಿನಲ್ಲೇ ಕಾರ್ಡಿನ ಇನ್‌ಪುಟ್ಟನ್ನು ಸುಡುತ್ತದೆ.

ಪವರ್ ಸಪ್ಲೈ

ಕಾರ್ಡಿನ ಆಪ್-ಆಂಪ್‌ಗಳಿಗೆ (ಸಂಕೇತ ವರ್ಧಿಸುವ ಚಿಪ್ಪುಗಳು) ಪ್ಲಸ್ 15, ಮೈನಸ್ 15 ವೋಲ್ಟ್, ರಿಲೇಗಳಿಗೆ 24 ವೋಲ್ಟ್ ಸಾಮಾನ್ಯ. ಎಲ್‌ಸಿಯ ನಿಯಮದೊಳಗೇ ಪ್ಯಾನೆಲ್‌ನ ಕಂಟ್ರೋಲ್ ಸಪ್ಲೈಯನ್ನು ಮಾತ್ರ ಕೊಟ್ಟು, ಅರ್ಧ ಗಂಟೆ ಬೆಚ್ಚಗಾಗಲು ಬಿಟ್ಟು ಅಳೆಯಿರಿ. ಡಿಸಿ ಎಷ್ಟಿದೆ ಎಂಬುದರ ಜೊತೆಗೆ ಅದರ ಮೇಲೆ ಉಳಿದಿರುವ ಏರಿಳಿತವನ್ನು, ಅಂದರೆ ರಿಪಲ್ಲನ್ನು, ಆಸಿಲ್ಲೊಸ್ಕೋಪಿನಲ್ಲಿ ನೋಡುವುದು ಹೆಚ್ಚು ಮುಖ್ಯ. ಮಲ್ಟಿಮೀಟರು 15.0 ತೋರಿಸುತ್ತಿರುವಾಗಲೇ ರಿಪಲ್ಲು ಕಳೆದ ವರ್ಷದ ಹತ್ತು ಪಟ್ಟಾಗಿರುವುದನ್ನು ನೋಡಿದ್ದೇನೆ. ಕಾರಣ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಒಣಗುವುದು. ಅದರ ಸುತ್ತಲಿನ ಉಷ್ಣತೆ 10 ಡಿಗ್ರಿ ಏರಿದರೆ ಆಯುಷ್ಯ ಸುಮಾರು ಅರ್ಧವಾಗುತ್ತದೆ ಎಂಬುದು ಈ ಕೆಲಸದಲ್ಲಿರುವವರೆಲ್ಲ ಬಳಸುವ ಲೆಕ್ಕ. ಹೊರಗೆ 38 ಡಿಗ್ರಿಯ ಹತ್ತಿರ ಹೋಗುವ ನಮ್ಮ ಏಪ್ರಿಲ್‌ನಲ್ಲಿ, ಫಿಲ್ಟರ್ ಕಟ್ಟಿಕೊಂಡ ಪ್ಯಾನೆಲ್‌ನೊಳಗೆ ಎಷ್ಟಾಗಬಹುದೆಂದು ಊಹಿಸಿ. ಬೆಳಗ್ಗೆ ಸರಿಯಿದ್ದು, ಮಧ್ಯಾಹ್ನದ ಮೇಲೆ ವೋಲ್ಟೇಜು ತೂಗಾಡುವ ದೂರು ಬಂದರೆ ಮೊದಲು ಇಲ್ಲಿ ನೋಡಬೇಕು. ತಲೆ ಉಬ್ಬಿದ, ಬುಡದಲ್ಲಿ ಕಂದು ಕಲೆ ಇರುವ ಕೆಪಾಸಿಟರ್ ಕಂಡರೆ ಆ ಒಂದನ್ನೇ ಬದಲಿಸದೆ ಇಡೀ ಸಪ್ಲೈಯನ್ನು ಬದಲಿಸುವುದು ಒಳ್ಳೆಯದು, ಅದರ ಜೊತೆ ಹುಟ್ಟಿದವುಗಳೂ ಅಷ್ಟೇ ವಯಸ್ಸಾದವು.

ವೋಲ್ಟೇಜ್ ಮತ್ತು ಕರೆಂಟ್ ಚಾನೆಲ್‌ಗಳ ಪರೀಕ್ಷೆ

ಇಂಜೆಕ್ಷನ್ ಕಿಟ್‌ನಿಂದ 50 ಹರ್ಟ್ಸ್‌ನಲ್ಲಿ, 120 ಡಿಗ್ರಿ ಅಂತರದ ಮೂರು ಫೇಸ್ ವೋಲ್ಟೇಜ್ ಕೊಡಿ. ಫೇಸ್‌ಗಳ ನಡುವೆ 110 ವೋಲ್ಟ್ ಬೇಕಾದರೆ ಫೇಸ್‌ನಿಂದ ನ್ಯೂಟ್ರಲ್‌ಗೆ 63.5 ವೋಲ್ಟ್. 27.5, 55, 82.5, 99, 104.5, 110, 115.5 ವೋಲ್ಟ್ ಹೀಗೆ ಏರಿಸುತ್ತಾ, ಕೆಲಸ ಮಾಡುವ ವ್ಯಾಪ್ತಿಯ ಹತ್ತಿರ ಹೆಜ್ಜೆಗಳನ್ನು ಸಣ್ಣದು ಮಾಡಿ. ಪ್ರತಿ ಹಂತದಲ್ಲಿ ಮೂರು ಅಂಕಿಗಳನ್ನು ಬರೆಯಿರಿ: ನಿಮ್ಮ ಮೀಟರಿನ ಅಂಕಿ, ಕಾರ್ಡಿನ ಟೆಸ್ಟ್ ಪಾಯಿಂಟಿನ ಅಂಕಿ, ಎವಿಆರ್ ಪರದೆಯ ಅಂಕಿ. ಟೆಸ್ಟ್ ಪಾಯಿಂಟ್ ಸರಿಯಿದ್ದು ಪರದೆ ತಪ್ಪಿದ್ದರೆ ದೋಷ ಟೆಸ್ಟ್ ಪಾಯಿಂಟಿನಿಂದ ಮುಂದೆ, ಪ್ರೊಸೆಸರ್ ಕಡೆಯಲ್ಲಿದೆ. ಎರಡೂ ತಪ್ಪಿದ್ದರೆ ಅದಕ್ಕಿಂತ ಹಿಂದೆ. ನಂತರ ಅದೇ ಹೆಜ್ಜೆಗಳಲ್ಲಿ ಇಳಿದು ಬನ್ನಿ.

ತಪ್ಪು ಕಂಡ ಕೂಡಲೇ ಟ್ರಿಮ್‌ಪಾಟ್ (ಅಳತೆ ಹೊಂದಿಸುವ ಸಣ್ಣ ತಿರುಪು) ತಿರುಗಿಸಬೇಡಿ. ಮೊದಲು ಕಂಡ ಅಂಕಿಯನ್ನು ಬರೆದಿಡಿ, ಕಳೆದ ವರ್ಷದ್ದಕ್ಕೆ ಹೋಲಿಸಿ, ಏಕೆ ಸರಿದಿದೆ ಎಂದು ಕೇಳಿಕೊಳ್ಳಿ. ಮೂರು ಫೇಸೂ ಒಂದೇ ಪ್ರಮಾಣದಲ್ಲಿ ಸರಿದಿದ್ದರೆ ಸಪ್ಲೈ ಅಥವಾ ರೆಫರೆನ್ಸ್ ವೋಲ್ಟೇಜ್. ಒಂದೇ ಫೇಸಾದರೆ ಆ ಚಾನೆಲ್‌ನ ಬಿಡಿಭಾಗ. ಕಾರಣ ತಿಳಿಯದೆ ತಿರುಗಿಸಿದರೆ ದೋಷ ಅಡಗಿ ಕುಳಿತು ಹಂಗಾಮಿನ ನಡುವೆ ಮತ್ತೆ ಏಳುತ್ತದೆ. ನಮ್ಮಲ್ಲಿ ಶೇ. 0.5ರೊಳಗಿನ ವ್ಯತ್ಯಾಸವನ್ನು ಮುಟ್ಟದೆ ಬಿಡುತ್ತೇವೆ. ನಿಮ್ಮ ತಯಾರಕರ ಕೈಪಿಡಿ ಹೇಳುವ ಮಿತಿ ನಿಮಗೆ ಅಂತಿಮ.

ಸಿಟಿ ಚಾನೆಲ್‌ಗೆ ರೇಟೆಡ್ ಕರೆಂಟಿನ ಕಾಲು, ಅರ್ಧ, ಪೂರ್ತಿ ಕೊಟ್ಟು ಇದೇ ರೀತಿ ನೋಡಿ. ಇಲ್ಲಿ ಅಂಕಿಯಷ್ಟೇ ಮುಖ್ಯವಾದದ್ದು ಕೋನ. ಉದಾಹರಣೆಗೆ ವೋಲ್ಟೇಜ್ ಮತ್ತು ಕರೆಂಟ್ ಎರಡೂ ಚಾನೆಲ್‌ನ ಫಿಲ್ಟರ್ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್‌ನಿಂದ 300 ಹರ್ಟ್ಸ್‌ಗೆ ಕಟ್ಟಿದ್ದೆಂದುಕೊಳ್ಳಿ. 50 ಹರ್ಟ್ಸ್‌ನಲ್ಲಿ ಎರಡೂ ಸುಮಾರು 9.5 ಡಿಗ್ರಿ ಹಿಂದೆ ಬೀಳುತ್ತವೆ, ಎರಡೂ ಸಮಾನವಾದ್ದರಿಂದ ತೊಂದರೆಯಿಲ್ಲ. ಕರೆಂಟ್ ಚಾನೆಲ್‌ನ ಕೆಪಾಸಿಟರ್ ಮಾತ್ರ ಶೇ. 20ರಷ್ಟು ಸೊರಗಿದರೆ ಅದು 7.6 ಡಿಗ್ರಿಗೆ ಬರುತ್ತದೆ, ಅಳತೆಯ ಗಾತ್ರ ಬದಲಾಗುವುದು ಶೇ. 0.5 ಮಾತ್ರ. ಆದರೆ ನಡುವೆ ಹುಟ್ಟಿದ ಸುಮಾರು 2 ಡಿಗ್ರಿ ಅಂತರದಿಂದ, ಯೂನಿಟಿ ಪವರ್ ಫ್ಯಾಕ್ಟರ್‌ನಲ್ಲಿ ಓಡುವ 10 ಎಂವಿಎ ಯಂತ್ರ 300ಕ್ಕೂ ಹೆಚ್ಚು ಕೆವಿಎಆರ್ ಇಲ್ಲದ್ದನ್ನು ಇದೆಯೆಂದು ತೋರಿಸುತ್ತದೆ. ಪವರ್ ಫ್ಯಾಕ್ಟರ್ ಮೋಡಿನಲ್ಲಿ ಓಡುವ ಎವಿಆರ್ ಆ ಸುಳ್ಳನ್ನು ಸರಿಪಡಿಸಲು ಹೋಗಿ ನಿಜವಾದ ಕೆವಿಎಆರನ್ನು ಕೆಡಿಸುತ್ತದೆ. ಆದ್ದರಿಂದ 0, 30, 60 ಡಿಗ್ರಿ ಕೋನಗಳಲ್ಲಿಯೂ ಕರೆಂಟ್ ಕೊಟ್ಟು ಕಿಲೋವಾಟ್, ಕೆವಿಎಆರ್ ಎರಡನ್ನೂ ಲೆಕ್ಕಕ್ಕೆ ತಾಳೆ ನೋಡಿ. ಈ ಪರೀಕ್ಷೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ದಯವಿಟ್ಟು ಬಿಡಬೇಡಿ.

ಡ್ರೂಪ್ ಸಿಟಿಯ (ಕೆವಿಎಆರ್ ಏರಿದಂತೆ ಎವಿಆರ್‌ನ ಗುರಿಯನ್ನು ತುಸು ಇಳಿಸಲು ಇರುವ ಸಿಟಿ) ದಿಕ್ಕನ್ನೂ ಈಗಲೇ ಖಚಿತಪಡಿಸಿಕೊಳ್ಳಿ. ಲ್ಯಾಗಿಂಗ್ (ವೋಲ್ಟೇಜಿಗಿಂತ ಹಿಂದೆ ಬೀಳುವ) ಕರೆಂಟ್ ಕೊಟ್ಟಾಗ ಎವಿಆರ್‌ನ ಗುರಿ ವೋಲ್ಟೇಜ್ ಇಳಿಯಬೇಕು. ವೈರು ಅದಲು ಬದಲಾಗಿ ಅದು ಏರಿದರೆ, ಗ್ರಿಡ್ಡಿಗೆ ಸೇರಿಸಿದ ಕೂಡಲೇ ಕೆವಿಎಆರ್ ಒಂದೇ ದಿಕ್ಕಿಗೆ ಓಡಿಹೋಗುತ್ತದೆ.

ಫೀಲ್ಡ್ ಕರೆಂಟ್

10 ಆಂಪಿಯರ್‌ಗೆ 75 ಮಿಲಿವೋಲ್ಟ್ ಕೊಡುವ ಷಂಟ್ ಇದೆಯೆಂದರೆ 5 ಆಂಪಿಯರ್‌ಗೆ 37.5 ಮಿಲಿವೋಲ್ಟ್, ಟ್ರಾನ್ಸ್‌ಡ್ಯೂಸರ್‌ನಿಂದ 12 ಮಿಲಿಆಂಪಿಯರ್. 8 ಆಂಪಿಯರ್‌ಗೆ 60 ಮಿಲಿವೋಲ್ಟ್, 16.8 ಮಿಲಿಆಂಪಿಯರ್. ಷಂಟಿನ ವೈರುಗಳನ್ನು ಬಿಡಿಸಿ ಕ್ಯಾಲಿಬ್ರೇಟರ್‌ನಿಂದ ಸೊನ್ನೆ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಕೊಟ್ಟು ನೋಡಿ. ಕಾರ್ಡಿನಲ್ಲಿ 250 ಓಮ್‌ ರೆಸಿಸ್ಟರ್ ಇದ್ದರೆ 12 ಮಿಲಿಆಂಪಿಯರ್‌ಗೆ ಸರಿಯಾಗಿ 3 ವೋಲ್ಟ್ ಸಿಗಬೇಕು. ಈ ಅಳತೆ ಕಡಿಮೆ ಓದಿದರೆ ಓವರ್ ಎಕ್ಸೈಟೇಶನ್ ಲಿಮಿಟರ್ ತಡವಾಗಿ ಎಚ್ಚೆತ್ತು ರೋಟರ್ ಸುಡುತ್ತದೆ. ಹೆಚ್ಚು ಓದಿದರೆ ಬೇಕಾದ ಹೊತ್ತಿನಲ್ಲಿ ಎಕ್ಸೈಟೇಶನ್ ಸಿಗದಂತೆ ತಡೆಯುತ್ತದೆ.

ಫೀಲ್ಡ್ ಸರ್ಕ್ಯೂಟು ಅರ್ತ್ ಆಗಿರುವುದಿಲ್ಲ ಎಂಬುದನ್ನು ನೆನಪಿಡಿ. ಸಾಮಾನ್ಯ ಆಸಿಲ್ಲೊಸ್ಕೋಪಿನ ಪ್ರೋಬಿನ ಕಪ್ಪು ಕ್ಲಿಪ್ಪನ್ನು ಷಂಟಿಗೆ ಹಾಕಿದರೆ, ಉಪಕರಣದ ಪ್ಲಗ್ಗಿನ ಅರ್ತ್ ಮೂಲಕ ನಾವೇ ಫೀಲ್ಡಿಗೆ ಅರ್ತ್ ಫಾಲ್ಟ್ ಮಾಡಿದಂತಾಗುತ್ತದೆ. ಪ್ರೋಬು ಡಿಫರೆನ್ಷಿಯಲ್ ಆಗಿರಬೇಕೆಂದು ಮೊದಲೇ ಹೇಳಿದ್ದು ಇದಕ್ಕೇ.

ಪಿಟಿ ಫೇಲ್ ತರ್ಕ

ಅಳತೆಯೇ ಇಲ್ಲವಾದಾಗ ಎವಿಆರ್ ಪೂರ್ತಿ ಎಕ್ಸೈಟೇಶನ್ ಕೊಡದಂತೆ ಕಾಯುವುದು ಈ ತರ್ಕ. ಯಂತ್ರ ನಿಂತಿರುವಾಗಲೇ ಎರಡೂ ಪಿಟಿ ಚಾನೆಲ್‌ಗಳಿಗೆ ಇಂಜೆಕ್ಷನ್ ಕೊಟ್ಟು, ಒಂದರ ಒಂದು ಫೇಸನ್ನು ತೆಗೆಯಿರಿ. ಅಲಾರಂ ಬಂದು, ಮ್ಯಾನುಯಲ್ ಮೋಡಿಗೋ ಇನ್ನೊಂದು ಚಾನೆಲ್‌ಗೋ ಹೋಗಬೇಕು. ಮೂರೂ ಫೇಸಿನಲ್ಲಿ ಹೀಗೆ ಮಾಡಿ. ಎರಡನೆಯ ಸಲ, ಯಂತ್ರ ಪೂರ್ಣ ವೇಗದಲ್ಲಿ, ಬ್ರೇಕರ್ ತೆರೆದು, ವೋಲ್ಟೇಜನ್ನು ಶೇ. 90ಕ್ಕೆ ಇಳಿಸಿ, ಓವರ್‌ವೋಲ್ಟೇಜ್ ರಿಲೇ ಸೇವೆಯಲ್ಲಿದೆ ಎಂದು ನೋಡಿ, ಒಬ್ಬರನ್ನು ಫೀಲ್ಡ್ ಬ್ರೇಕರ್‌ನ ಟ್ರಿಪ್ ಬಟನ್ ಬಳಿ ನಿಲ್ಲಿಸಿ ಮಾಡಿ.

ಯಂತ್ರವನ್ನು ಮತ್ತೆ ಸೇವೆಗೆ ತರುವುದು

ಷಾರ್ಟಿಂಗ್ ಲಿಂಕ್‌ಗಳು, ಪಿಟಿ ಫ್ಯೂಸುಗಳು ತಮ್ಮ ಜಾಗಕ್ಕೆ ಬಂದಿವೆಯೇ ಎಂದು ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಸಿಟಿಯ ಕಾರ್ಡಿನ ಕಡೆಯ ಲಿಂಕ್ ಮುಚ್ಚಿದ ಮೇಲೆಯೇ ಷಾರ್ಟ್ ತೆಗೆಯಬೇಕು. ತೆಗೆಯಲು ಮರೆತರೆ ಡ್ರೂಪ್ ಇಲ್ಲದೆ ಯಂತ್ರ ಗ್ರಿಡ್ಡಿಗೆ ಹೋಗುತ್ತದೆ. ಎಲ್‌ಸಿ ಹಿಂತಿರುಗಿಸಿ, ಯಂತ್ರವನ್ನು ಪೂರ್ಣ ವೇಗಕ್ಕೆ ತಂದು, ಮೊದಲು ಮ್ಯಾನುಯಲ್‌ನಲ್ಲಿ ವೋಲ್ಟೇಜ್ ಏರಿಸಿ. 11 ಕೆವಿಗೆ ಬಂದಾಗ ಪಿಟಿಯ 110 ವೋಲ್ಟನ್ನು ನಿಮ್ಮ ಮೀಟರಿನಲ್ಲಿಯೂ ಪರದೆಯಲ್ಲಿಯೂ ಹೋಲಿಸಿ, ಆಮೇಲೆ ಆಟೊಗೆ ಬದಲಿಸಿ. ಬದಲಿಸುವಾಗ ಫೀಲ್ಡ್ ಕರೆಂಟ್ ಹಾರಬಾರದು. ನಂತರ ಶೇ. 2ರ ಸ್ಟೆಪ್ ಕೊಟ್ಟು ವೋಲ್ಟೇಜ್ ಹೇಗೆ ಏರಿ ನೆಲೆಗೊಳ್ಳುತ್ತದೆಂದು ರೆಕಾರ್ಡ್ ಮಾಡಿ. ಕಳೆದ ವರ್ಷದ ಗ್ರಾಫಿನ ಮೇಲೆ ಇದನ್ನಿಟ್ಟು ನೋಡಿದರೆ, ಅಂಕಿಗಳಲ್ಲಿ ಕಾಣದ ಫಿಲ್ಟರ್ ಬದಲಾವಣೆ ಇಲ್ಲಿ ಕಾಣುತ್ತದೆ.

ಸಿಂಕ್ರೊನೈಸ್ ಆದ ಮೇಲೆ ಸಣ್ಣ ಲೋಡಿನಲ್ಲಿ ಎಕ್ಸೈಟೇಶನ್ ತುಸು ಏರಿಸಿ. ಪರದೆಯ ಕೆವಿಎಆರ್ ಲ್ಯಾಗಿಂಗ್ ದಿಕ್ಕಿಗೆ ಏರಿ, ಬೇರೆ ಸಿಟಿಯ ಮೇಲಿರುವ ಎನರ್ಜಿ ಮೀಟರಿನ ಅಂಕಿಗೆ ಹೊಂದಬೇಕು.

ಮಳೆಗಾಲದಲ್ಲಿ ಯಂತ್ರ ನಿಂತಿದ್ದರೂ ಪ್ಯಾನೆಲ್ ಹೀಟರ್ ಉರಿಯುತ್ತಿರಲಿ, ಮತ್ತು ಫೀಲ್ಡ್ ಬ್ರೇಕರ್ ತೆರೆದಿಟ್ಟುಕೊಂಡೇ ತಿಂಗಳಿಗೊಮ್ಮೆ ಕೆಲವು ಗಂಟೆ ಕಂಟ್ರೋಲ್ ಸಪ್ಲೈ ಕೊಡಿ. ಬಹುಕಾಲ ವೋಲ್ಟೇಜ್ ಕಾಣದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಬಲಹೀನವಾಗುತ್ತದೆ. ಬಿಡಿ ಕಾರ್ಡುಗಳನ್ನೂ ಸ್ಟೋರ್ ರೂಮಿನ ಅಟ್ಟದ ಮೇಲಿಡದೆ ಆಂಟಿಸ್ಟ್ಯಾಟಿಕ್ ಚೀಲದಲ್ಲಿ, ಸಿಲಿಕಾ ಜೆಲ್ ಜೊತೆ ಇಡಿ, ವರ್ಷಕ್ಕೊಮ್ಮೆ ಇವನ್ನೇ ಪ್ಯಾನೆಲ್‌ಗೆ ಹಾಕಿ ಇದೇ ಇಂಜೆಕ್ಷನ್ ಕೊಟ್ಟು ನೋಡಿ. ಎಲ್ಲ ಅಳತೆಗಳ ಹಾಳೆಯಲ್ಲಿ ‘ಕಂಡದ್ದು’ ಮತ್ತು ‘ಬಿಟ್ಟದ್ದು’ ಎಂಬ ಎರಡು ಕಾಲಮ್ಮುಗಳಿರಲಿ. ಆ ಹಾಳೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಪ್ಯಾನೆಲ್ ಬಾಗಿಲ ಒಳಮುಖಕ್ಕೆ ಅಂಟಿಸಿ. ಹೊಸ ಹಂಗಾಮಿನಲ್ಲಿ ಕಬ್ಬು ನುರಿಸಲು ಶುರುಮಾಡಿದ ಮೊದಲ ವಾರ, ಪೂರ್ಣ ಲೋಡಿನಲ್ಲಿ, ಸಪ್ಲೈ ರಿಪಲ್ಲು, ಮೂರು ಫೇಸ್ ವೋಲ್ಟೇಜು, ಫೀಲ್ಡ್ ಕರೆಂಟು ಇಷ್ಟನ್ನು ಮತ್ತೊಮ್ಮೆ ಅಳೆದು ಅದೇ ಹಾಳೆಯ ಕೆಳಗೆ ದಿನಾಂಕ ಹಾಕಿ ಬರೆಯಿರಿ.